ತೋಳದ ಕಥೆ, ತಮ್ಮನ ಮಾತ್ರೆ

ಪ್ರಶ್ನೆ: ನಾನು ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ತಮ್ಮನಿಗೆ ಇಪ್ಪತ್ತೊಂದು ವರ್ಷ, ಮೈಸೂರಿನಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾನೆ. ಹೈಸ್ಕೂಲಿನಲ್ಲಿದ್ದಾಗಿನಿಂದ ಅವನಿಗೆ ಫಿಟ್ಸ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾನೆ. ನಮ್ಮ ಮನೆಯವರನ್ನು ಬಿಟ್ಟರೆ ಈ ವಿಷಯ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಹೋದ ಸಲ ಬಂದಾಗ ರಾತ್ರಿ ಊಟವಾದ ಮೇಲೆ ಹೇಳಿದ: “ಅಕ್ಕ, ಹ್ಯಾರಿ ಪಾಟರ್ ಕಥೆಯಲ್ಲಿ ಲೂಪಿನ್ ಎಂಬ ಮೇಷ್ಟ್ರು ಇದ್ದಾನೆ. ತಿಂಗಳಿಗೊಮ್ಮೆ ತೋಳವಾಗುತ್ತಾನೆ, ಉಳಿದ ದಿನವೆಲ್ಲ ಅದನ್ನು ಮುಚ್ಚಿಡುತ್ತಾನೆ. ನಾನೂ ಹಾಗೆಯೇ. ಆದರೆ ನಾನು ಮುಚ್ಚಿಡುತ್ತಿರುವುದು ಫಿಟ್ಸ್ ಒಂದನ್ನೇ ಅಲ್ಲ.” ಆಮೇಲೆ ತನಗೆ ಹುಡುಗರ ಮೇಲೆ ಒಲವೆಂದು ತಿಳಿಸಿದ. ನಾನು ಬೈಯಲಿಲ್ಲ, ಆದರೆ ಏನು ಹೇಳಬೇಕೆಂದೂ ತೋಚಲಿಲ್ಲ. ಬೆಳಗಿನ ಜಾವದವರೆಗೆ ಮೊಬೈಲಿನಲ್ಲಿ ಇಂಥವೇ ಸರಣಿಗಳನ್ನು ನೋಡುತ್ತಾನೆ: ರಕ್ತಪಿಶಾಚಿಗಳು, ಶಾಪಗ್ರಸ್ತರು, ವಿಶೇಷ ಶಕ್ತಿಯವರು. ಒಂದರಲ್ಲಿ ಮೂರ್ಛೆ ಬಂದಾಗಲೆಲ್ಲ ನಾಯಕನಿಗೆ ಭವಿಷ್ಯ ಕಾಣುತ್ತದಂತೆ, ಮಾತ್ರೆ ಬಿಟ್ಟ ಮೇಲೆ ಅವನ ಶಕ್ತಿ ಮರಳುತ್ತದಂತೆ. ಈಗ ನನ್ನ ತಮ್ಮನೂ “ಮಾತ್ರೆ ನುಂಗಿದರೆ ನಾನು ನಾನಾಗಿರುವುದಿಲ್ಲ” ಎನ್ನುತ್ತಾನೆ, ಆಗಾಗ ಬಿಡುತ್ತಿದ್ದಾನೆ. ಈ ಕಥೆಗಳೇ ಅವನನ್ನು ಹೀಗೆ ಮಾಡಿದವೇ? ಫಿಟ್ಸ್‌ನಿಂದಲೋ ಮಾತ್ರೆಯಿಂದಲೋ ಮನಸ್ಸು ಆ ಕಡೆ ತಿರುಗಿತೇ? ಅಮ್ಮನಿಗೆ ಫಿಟ್ಸ್ ಎಂದರೆ ಇವತ್ತಿಗೂ ಗಾಳಿ ಸೋಂಕು. ನಂಜನಗೂಡಿಗೆ ಹರಕೆ ಹೊತ್ತಿದ್ದಾರೆ. “ಗೆಳತಿಯೊಬ್ಬಳ ತಮ್ಮನಿಗೆ ಹುಡುಗರ ಮೇಲೆ ಒಲವಂತೆ” ಎಂದು ಬೆಂಗಳೂರಿನ ಚಿಕ್ಕಪ್ಪನ ಕಿವಿಗೆ ಹಾಕಿದೆ. ಅವರು ಇದನ್ನು “ಸರಿಪಡಿಸುವ” ಕೇಂದ್ರವೊಂದರ ವಿಳಾಸ ಕೊಟ್ಟರು. ಸರಣಿಗಳನ್ನು ನಿಲ್ಲಿಸಬೇಕೇ? ಮನೆಯಲ್ಲಿ ಹೇಳಬೇಕೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ಮಾತ್ರೆಯಿಂದ ಶುರು ಮಾಡಿ. ಕಥೆಗಳ ವಿಚಾರಕ್ಕೆ ಆಮೇಲೆ ಬರೋಣ. ನಿಮ್ಮ ಪತ್ರದಲ್ಲಿರುವ ಅಷ್ಟೂ ಸಂಗತಿಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದ್ದು ಇದೊಂದೇ. ಮೂರ್ಛೆಯ ಮಾತ್ರೆಯನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಒಂದರ ಬೆನ್ನಿಗೊಂದು ಸೆಳೆತ ಬಂದು ನಿಲ್ಲದೆ ಹೋಗಬಹುದು. ಇವತ್ತೇ ಫೋನು ಮಾಡಿ, ಯಾವ ಮಾತ್ರೆ, ಎಷ್ಟು ದಿನದಿಂದ ತಪ್ಪಿದೆ ಎಂದು ಕೇಳಿ. ತಪ್ಪಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗುವುದು ಬೇಡ. ಕೆಲವು ಔಷಧಿಗಳು ತಪ್ಪಿದಾಗ ಮತ್ತೆ ಸಣ್ಣ ಪ್ರಮಾಣದಿಂದಲೇ ಆರಂಭಿಸಬೇಕಾಗುತ್ತದೆ. ಆದ್ದರಿಂದ ಅವನನ್ನು ನೋಡುತ್ತಿರುವ ನರರೋಗ ತಜ್ಞರನ್ನು ಕೇಳಿಯೇ ಮುಂದುವರಿಯಬೇಕು.

ಇನ್ನು ಸರಣಿಗಳೇ ಅವನನ್ನು ಹೀಗೆ ಮಾಡಿದವೇ ಎಂಬ ಪ್ರಶ್ನೆ. ಇಲ್ಲ. ತೊಟ್ಟಿಲಿನಿಂದ ಇಲ್ಲಿಯವರೆಗೆ ನಿಮ್ಮ ತಮ್ಮ ಎಷ್ಟು ನಾಯಕ–ನಾಯಕಿಯರ ಯುಗಳಗೀತೆಗಳನ್ನು ನೋಡಿರಬೇಡ! ಪರದೆಗೆ ಒಲವನ್ನು ತಿರುಗಿಸುವ ಶಕ್ತಿ ಇದ್ದಿದ್ದರೆ ಅವು ಎಂದೋ ಆ ಕೆಲಸ ಮುಗಿಸುತ್ತಿದ್ದವು. ನಡೆದಿರುವುದು ಉಲ್ಟಾ: ಒಳಗಿದ್ದುದಕ್ಕೆ ಮಾತು ಹುಡುಕುತ್ತಿದ್ದವನಿಗೆ ಆ ಕಥೆ ಸಿಕ್ಕಿದೆ. ಫಿಟ್ಸ್‌ನಿಂದಾಗಲೀ ಮಾತ್ರೆಯಿಂದಾಗಲೀ ಯಾರ ಒಲವೂ ಬದಲಾಗುವುದಿಲ್ಲ. ಮೂರ್ಛೆಯೆಂದರೆ ಮಿದುಳಿನ ನರಕೋಶಗಳಲ್ಲಿ ಹಠಾತ್ತಾಗಿ ಅತಿಯಾದ ವಿದ್ಯುತ್ ಚಟುವಟಿಕೆ ಏಳುವುದು. ಅದು ಗಾಳಿಯಲ್ಲ, ಅಂಟುವುದೂ ಇಲ್ಲ. ಸರಿಯಾಗಿ ಪತ್ತೆ ಹಚ್ಚಿ ಚಿಕಿತ್ಸೆ ಕೊಟ್ಟರೆ 100ರಲ್ಲಿ ಸುಮಾರು 70 ಜನ ಸೆಳೆತವಿಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಲಿಂಗ ಒಲವು ಕಾಯಿಲೆಯೇ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆದವು. ನಮ್ಮ ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದನ್ನೇ ಸ್ಪಷ್ಟವಾಗಿ ಸಾರಿತು. ಹೀಗೆ ಇವು ಒಬ್ಬನೇ ಹುಡುಗನಲ್ಲಿರುವ ಎರಡು ಬೇರೆ ಬೇರೆ ಸಂಗತಿಗಳು. ಒಂದು ಇನ್ನೊಂದರ ಕಾರಣವಲ್ಲ.

ಹಾಗಾದರೆ ಅವನೇಕೆ ಎರಡನ್ನೂ ಒಂದೇ ತೋಳದ ಚರ್ಮದೊಳಗೆ ತುರುಕಿದ? ನಿಮ್ಮ ಪತ್ರದ ಜೀವ ಇರುವುದು ಇಲ್ಲಿ. ಎರಡನ್ನೂ ಜೋಡಿಸಿದ್ದು ಅವನಲ್ಲ. ಅವನು ಹುಟ್ಟುವುದಕ್ಕೆ ಮುಂಚೆಯೇ ಜನಪ್ರಿಯ ಕಥೆಗಳು ಆ ಗಂಟು ಹಾಕಿ ಇಟ್ಟಿದ್ದವು.

ಹಾಲಿವುಡ್ ಚಿತ್ರೋದ್ಯಮ 1934ರಿಂದ 1968ರವರೆಗೆ ತನಗೆ ತಾನೇ ಒಂದು ಕಟ್ಟುಪಾಡು ವಿಧಿಸಿಕೊಂಡಿತ್ತು. ಅದರ ಪ್ರಕಾರ ಸಲಿಂಗ ಪ್ರೀತಿಯನ್ನು ನೇರವಾಗಿ ತೋರಿಸುವಂತಿರಲಿಲ್ಲ. ಬಾಗಿಲು ಮುಚ್ಚಿದ ಮೇಲೆ ಕಥೆಗಾರರು ಕಿಟಕಿ ಹುಡುಕಿದರು: ವಿಚಿತ್ರ ನಡಿಗೆಯ ಖಳನಾಯಕ, ಹೆಣ್ಣನ್ನು ಕಾಡುವ ಹೆಣ್ಣು ರಕ್ತಪಿಶಾಚಿ, ಹಗಲು ಸಭ್ಯನಾಗಿದ್ದು ರಾತ್ರಿ ಬೇರೆಯೇ ಆಗುವ ಮನುಷ್ಯ. ಬಲ್ಲವರು ಬಲ್ಲರು ಎಂಬಂಥ ಸುಳಿವುಗಳು. ಆಮೇಲೆ ಬಂತು ಏಡ್ಸ್. 1981ರ ಜೂನ್‌ನಲ್ಲಿ ಅಮೆರಿಕದ ವೈದ್ಯರು ಮೊದಲು ವರದಿ ಮಾಡಿದ್ದು ಲಾಸ್ ಏಂಜಲೀಸ್‌ನ ಐವರು ಸಲಿಂಗಿ ಯುವಕರ ಬಗ್ಗೆ. ಆರಂಭದಲ್ಲಿ ಆ ರೋಗಕ್ಕೆ ಇಟ್ಟಿದ್ದ ಹೆಸರಿನಲ್ಲೇ ಸಲಿಂಗಿ ಎಂಬ ಗುರುತು ಸೇರಿಕೊಂಡಿತ್ತು. ವೈರಾಣುವಿಗೆ ಯಾರ ಒಲವು ಯಾವುದೆಂದು ತಿಳಿಯದು. ಆದರೆ ಅಷ್ಟರಲ್ಲಿ ಜನರ ಮನಸ್ಸಿನಲ್ಲಿ ಕಾಯಿಲೆಯೂ ಗುರುತೂ ಅಂಟಿಕೊಂಡುಬಿಟ್ಟಿದ್ದವು. ರಕ್ತದಿಂದ ಹರಡುವ ಶಾಪ, ಕಚ್ಚಿದರೆ ಅಂಟುವ ತೋಳತನ, ಹುಟ್ಟಿನಿಂದಲೇ ‘ಬೇರೆ’ಯಾದವರಿಗೆ ಮಾತ್ರ ತಗಲುವ ಸೋಂಕು ಇವೆಲ್ಲ ಮುಂದಿನ ಇಪ್ಪತ್ತು ವರ್ಷಗಳ ಕಥೆಗಳಲ್ಲಿ ತುಂಬಿಕೊಂಡದ್ದು ಹೀಗೆ. ಎಕ್ಸ್‌ಮೆನ್ ಕಾಮಿಕ್ಸ್‌ನಲ್ಲಿ 1993ರಲ್ಲಿ ಮ್ಯೂಟೆಂಟ್‌ಗಳನ್ನು, ಅಂದರೆ ಹುಟ್ಟಿನಿಂದಲೇ ವಿಶೇಷ ಶಕ್ತಿಯಿರುವವರನ್ನು, ಕೊಲ್ಲುವ ವೈರಾಣು ಬಂದಾಗ ಅದು ಯಾವುದರ ನೆರಳೆಂದು ಓದುಗರಿಗೆ ಹೇಳಬೇಕಿರಲಿಲ್ಲ. ಲೂಪಿನ್‌ನ ತೋಳತನ ಎಚ್‌ಐವಿಯಂಥ ಕಳಂಕ ಹೊತ್ತ ಕಾಯಿಲೆಗಳಿಗೆ ರೂಪಕವೆಂದು ಅವನನ್ನು ಸೃಷ್ಟಿಸಿದ ಲೇಖಕಿಯೇ ಹೇಳಿದ್ದಾರೆ. ಅದನ್ನು ಸಲಿಂಗಿಗಳ ಗುಟ್ಟಿನ ಬದುಕಿಗೂ ಅನ್ವಯಿಸಿಕೊಂಡವರು ಓದುಗರು. ನಿಮ್ಮ ತಮ್ಮ ಆ ಸಾಲಿನಲ್ಲಿ ಮೊದಲನೆಯವನಲ್ಲ, ಕೊನೆಯವನೂ ಆಗುವುದಿಲ್ಲ.

ಭಾರತದ ಚರಿತ್ರೆ ಬೇರೆ. ಇಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ, ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರ ರಕ್ತದಲ್ಲಿ. ಮುಂದೆ ಅದು ಹೆಚ್ಚಾಗಿ ಹರಡಿದ್ದು ಗಂಡು–ಹೆಣ್ಣಿನ ಸಂಪರ್ಕದಿಂದ. ಅಮೆರಿಕದ ಎಂಬತ್ತರ ದಶಕದ ಭಯವೊಂದು ಇವತ್ತು ಮೈಸೂರಿನ ಬಾಡಿಗೆ ಕೋಣೆಯ ಮೊಬೈಲಿನೊಳಗೆ ಕೂತು, ಅದಕ್ಕೆ ಸಂಬಂಧವೇ ಇಲ್ಲದ ಹುಡುಗನೊಬ್ಬನಿಗೆ ಅವನ ಕನ್ನಡಿಯಾಗಿ ಕಾಣುತ್ತಿದೆ.

ನಮ್ಮವರೇನು ಕಡಿಮೆ ಎಂದುಕೊಳ್ಳಬೇಡಿ. ನಟರಾಜನ ವಿಗ್ರಹವನ್ನು ನೋಡಿದ್ದೀರಲ್ಲ, ಕಾಲ ಕೆಳಗೆ ಬಿದ್ದಿರುವ ಆ ಕುಬ್ಜನ ಹೆಸರು ಅಪಸ್ಮಾರ. ನಮ್ಮ ಆಯುರ್ವೇದ ಮೂರ್ಛೆರೋಗವನ್ನು ಕರೆಯುವುದೂ ಅದೇ ಹೆಸರಿನಿಂದ. ಶಿಲ್ಪದಲ್ಲಿ ಅವನು ಅಜ್ಞಾನದ ಸಂಕೇತ. ಮನೆಯ ಷೋಕೇಸಿನಲ್ಲಿ ಆ ವಿಗ್ರಹವಿಟ್ಟುಕೊಂಡವರು ಯಾರೂ ರೋಗಿಗಳನ್ನು ತುಳಿಯಬೇಕೆಂದು ಯೋಚಿಸಿರುವುದಿಲ್ಲ, ನಿಜ. ಆದರೆ ಕಾಯಿಲೆಗೆ ರಾಕ್ಷಸನ ಮುಖ ಕೊಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಹಳೆಯದೆಂಬುದು ಅದರಿಂದ ಗೊತ್ತಾಗುತ್ತದೆ.

ಟಿವಿ ಧಾರಾವಾಹಿಗಳಲ್ಲಿ ಮೂರ್ಛೆ ಬರುವ ದೃಶ್ಯವನ್ನು ನೆನಪಿಸಿಕೊಳ್ಳಿ. ದೀಪ ಆರುತ್ತದೆ, ಪರದೆ ಹಾರಾಡುತ್ತದೆ, ತಮಟೆಯ ಸದ್ದು ಏರುತ್ತದೆ, ಸೊಸೆ ಬೀಳುತ್ತಾಳೆ. ಯಾರೋ ಓಡಿ ಬಂದು ಬೀಗದ ಕೈ ಗೊಂಚಲನ್ನು ಅಂಗೈಗೆ ಒತ್ತುತ್ತಾರೆ. ಜಾಹೀರಾತು ಮುಗಿಯುವಷ್ಟರಲ್ಲಿ ಹಣೆಗೆ ವಿಭೂತಿ ಬಿದ್ದಿರುತ್ತದೆ, ಜಡೆಯೂ ಕೆದರದ ಹಾಗೆ ಅವಳು ಎದ್ದು ಕೂರುತ್ತಾಳೆ, ಎದ್ದವಳು ಮನೆಯಲ್ಲಿ ನಡೆದ ಯಾವುದೋ ಅನ್ಯಾಯವನ್ನು ಹೇಳುತ್ತಾಳೆ. ನಾನು ಆಸ್ಪತ್ರೆಯಲ್ಲಿ ನೋಡುವುದು ಬೇರೆ: ನಾಲಿಗೆ ಕಚ್ಚಿಕೊಂಡಿರುತ್ತದೆ, ಬಟ್ಟೆ ಒದ್ದೆಯಾಗಿರುತ್ತದೆ, ಎದ್ದ ಮೇಲೆ ಎಲ್ಲಿದ್ದೇನೆಂದು ತಿಳಿಯದೆ ಬಹಳ ಹೊತ್ತು ಮಂಕಾಗಿ ಕೂತಿರುತ್ತಾರೆ, ತಲೆ ಸಿಡಿಯುತ್ತಿರುತ್ತದೆ, ನಿದ್ದೆ ಎಳೆಯುತ್ತಿರುತ್ತದೆ. ಭವಿಷ್ಯ ಕಾಣುವುದಿರಲಿ, ಬೆಳಿಗ್ಗೆ ತಿಂದ ತಿಂಡಿಯೂ ನೆನಪಿಗೆ ಬರುವುದಿಲ್ಲ. ಬೀಗದ ಕೈಯಿಂದ ಏನೂ ಆಗುವುದಿಲ್ಲ, ಬಾಯಿಗೆ ಚಮಚ ತುರುಕಿದರೆ ಹಲ್ಲು ಮುರಿಯುತ್ತದೆ. ಮಾಡಬೇಕಾದದ್ದು ಇಷ್ಟೇ: ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ತಲೆಯ ಕೆಳಗೆ ಮೆತ್ತಗಿನದ್ದೇನಾದರೂ ಇಡುವುದು, ಗಡಿಯಾರ ನೋಡುವುದು. ಸೆಳೆತ 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯುವುದು. ಅವನ ಜೊತೆಗಿರುವ ಒಬ್ಬ ಸ್ನೇಹಿತನಿಗಾದರೂ ಇದು ಗೊತ್ತಿರಲಿ.

ಸಲಿಂಗಿ ಪಾತ್ರಕ್ಕೆ ನಮ್ಮ ಸಿನಿಮಾಗಳಲ್ಲಿ ಬಹುಕಾಲ ಸಿಕ್ಕಿದ್ದು ರಾಕ್ಷಸನ ವೇಷವೂ ಅಲ್ಲ, ಕೋಡಂಗಿಯ ವೇಷ. ಸೊಂಟ ಬಳುಕಿಸಿಕೊಂಡು ಬಂದು ನಾಯಕನ ಕೆನ್ನೆ ಸವರುವುದು, ಅವನಿಂದ ಏಟು ತಿನ್ನುವುದು. ಎಷ್ಟೋ ಸಲ ಆ ಪಾತ್ರಕ್ಕೆ ಹೆಸರೂ ಇರುವುದಿಲ್ಲ. ಹಾಗೆ ನಕ್ಕು ಬೆಳೆದ ಊರಿನ ಹುಡುಗನಿಗೆ ತೋಳವಾದರೂ ಸರಿ, ಘನತೆಯಿರುವ ಮೇಷ್ಟ್ರೊಬ್ಬ ಸಿಕ್ಕಿದನಲ್ಲ ಎನ್ನಿಸಿದರೆ ಆಶ್ಚರ್ಯವಿಲ್ಲ. ರೂಪಕ ಕೊಟ್ಟ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಅದು ನಿಮ್ಮ ತಮ್ಮನಿಗೆ ನಿಮ್ಮೆದುರು ಬಾಯಿ ತೆರೆಯುವ ದಾರಿ ಕೊಟ್ಟಿತು. ನನ್ನ ಬಳಿ ಬರುವ ಯುವಕರಲ್ಲಿ ಅನೇಕರು ಮೊದಲ ಭೇಟಿಯಲ್ಲಿ ತಮ್ಮ ಬಗ್ಗೆ ಮಾತಾಡುವುದೇ ಇಲ್ಲ, ಯಾವುದೋ ಪಾತ್ರದ ಬಗ್ಗೆ ಮಾತಾಡುತ್ತಾರೆ. ಆ ಪಾತ್ರಕ್ಕೆ ಏನಾಗಬೇಕಿತ್ತು ಎಂದು ನಾನು ಕೇಳುತ್ತೇನೆ. ಉತ್ತರದಲ್ಲಿ ಅವರೇ ಸಿಗುತ್ತಾರೆ.

ಆದರೆ ಈ ರೂಪಕ ಒಂದು ಕಡೆ ಮುರಿದು ಬೀಳುತ್ತದೆ, ನಿಮ್ಮ ತಮ್ಮ ಎಡವಿರುವುದೂ ಅಲ್ಲೇ. ಮೂರ್ಛೆಗೂ ಸಲಿಂಗ ಒಲವಿಗೂ ಸಮಾಜ ಹೊರಿಸಿರುವ ನಾಚಿಕೆ ಒಂದೇ ಬಗೆಯದು: ಬಾಗಿಲು ಹಾಕು, ನೆಂಟರಿಗೆ ಹೇಳಬೇಡ, ಸಂಬಂಧ ಕುದುರುವವರೆಗೆ ಬಾಯಿ ಬಿಡಬೇಡ. ಅಷ್ಟರ ಮಟ್ಟಿಗೆ ಎರಡಕ್ಕೂ ಒಂದೇ ತೋಳದ ಚರ್ಮ ಸರಿಹೊಂದುತ್ತದೆ. ಮದ್ದಿನ ಮಾತು ಬಂದಾಗ ಮಾತ್ರ ಸರಿಹೊಂದುವುದಿಲ್ಲ. ಮೂರ್ಛೆಗೆ ಮಾತ್ರೆ ಬೇಕು, ಅದು ಅವನ ಹಕ್ಕು. ಒಲವಿಗೆ ಮದ್ದು ಬೇಕಿಲ್ಲ, ಇಲ್ಲ, ಇದೆಯೆನ್ನುವವರು ಸುಳ್ಳುಗಾರರು. ಎರಡನ್ನೂ ಒಂದೇ ರೂಪಕದಲ್ಲಿ ಕಟ್ಟಿದಾಗ ತಪ್ಪು ಎರಡು ದಿಕ್ಕಿಗೂ ಹೋಗುತ್ತದೆ. ‘ನೀನು ಇರುವಂತೆಯೇ ಇರು, ನಿನ್ನನ್ನು ಬದಲಿಸುವ ಮದ್ದನ್ನು ಎಸೆ’ ಎಂಬ ಮಾತು ಅವನ ಒಲವಿಗೆ ನೂರಕ್ಕೆ ನೂರು ಸರಿ, ಅವನ ಮೂರ್ಛೆಗೆ ಮಾರಕ. ‘ಕಾಯಿಲೆಗೆ ಚಿಕಿತ್ಸೆ ಮಾಡಿಸಿಕೋ’ ಎಂಬ ಮಾತು ಮೂರ್ಛೆಗೆ ಸರಿ, ಒಲವಿಗೆ ಕ್ರೌರ್ಯ. ನಿಮ್ಮ ತಮ್ಮ ಮೊದಲನೆಯ ತಪ್ಪು ಮಾಡುತ್ತಿದ್ದಾನೆ, ನಿಮ್ಮ ಚಿಕ್ಕಪ್ಪ ಎರಡನೆಯದನ್ನು.

2003ರ ಎಕ್ಸ್‌ಮೆನ್ ಚಿತ್ರದಲ್ಲಿ ತಾನು ಮ್ಯೂಟೆಂಟ್ ಎಂದು ಒಪ್ಪಿಕೊಂಡ ಮಗನನ್ನು ತಾಯಿ ಕೇಳುತ್ತಾಳೆ, ಮ್ಯೂಟೆಂಟ್ ಆಗದೆ ಇರಲು ಪ್ರಯತ್ನ ಮಾಡಿದ್ದೀಯಾ ಎಂದು. ಸಲಿಂಗಿ ಮಕ್ಕಳ ಮನೆಗಳಲ್ಲಿ ಕೇಳಿಬರುವ ಮಾತೇ ಅದು, ನೋಡಿದವರು ನಕ್ಕರೂ ಕಣ್ಣೊರೆಸಿಕೊಂಡರು. ಆ ಹುಡುಗನ ಪಾತ್ರವೇ 2015ರ ಕಾಮಿಕ್ಸ್‌ನಲ್ಲಿ ನೇರವಾಗಿ ಸಲಿಂಗಿ ಎಂದು ಹೊರಬಂತು. ಸೂಚನೆಯ ಅಗತ್ಯ ಮುಗಿದಿತ್ತು. ಅದೇ ಪ್ರಶ್ನೆಯನ್ನು ಮೂರ್ಛೆಗೆ ಒಯ್ದರೆ ಅರ್ಥ ತಲೆಕೆಳಗಾಗುತ್ತದೆ. ಸೆಳೆತ ಬಾರದಿರಲು ಪ್ರಯತ್ನ ಮಾಡುವುದು, ಅಂದರೆ ಹೊತ್ತಿಗೆ ಮಾತ್ರೆ, ಹೊತ್ತಿಗೆ ನಿದ್ದೆ, ಮದ್ಯದಿಂದ ದೂರ, ಅವಮಾನದ ಸಂಗತಿಯಲ್ಲ.

ಇನ್ನೊಂದು ಬಿರುಕೂ ಇದೆ. ತೋಳ ನಿಜವಾಗಿಯೂ ಕಚ್ಚುತ್ತದೆ. ಲೂಪಿನ್ ಸಜ್ಜನ, ಆದರೆ ಅದೇ ಕಥೆಯಲ್ಲಿ ಬೇಕೆಂದೇ ಮಕ್ಕಳನ್ನು ಕಚ್ಚಿ ತನ್ನ ಕುಲ ಬೆಳೆಸುವ ತೋಳಮನುಷ್ಯನೂ ಇದ್ದಾನೆ. ಸಲಿಂಗಿಗಳು ಮಕ್ಕಳನ್ನು ‘ಕೆಡಿಸುತ್ತಾರೆ’ ಎಂಬ ಹಳೆಯ ಅಪವಾದದ ಪಡಿಯಚ್ಚು ಅದು. ಕಥೆಯೊಳಗೆ ಜನ ಹೆದರಿದರೆ ಅದಕ್ಕೆ ಕಾರಣವಿದೆ. ನಿಮ್ಮ ತಮ್ಮನಿಗೆ ಹೆದರಲು ಯಾರಿಗೂ ಯಾವ ಕಾರಣವೂ ಇಲ್ಲ. ‘ನಾನು ಅಪಾಯಕಾರಿ’ ಎಂಬ ಭಾವ ಅವನೊಳಗೆ ಇಳಿದಿದೆಯೇ ಎಂದು ಸೂಕ್ಷ್ಮವಾಗಿ ಗಮನಿಸಿ. ಇಳಿದಿದ್ದರೆ ಅದನ್ನು ಬಾಯಿಬಿಟ್ಟು ಅಲ್ಲಗಳೆಯುವುದು ನಿಮ್ಮ ಕೆಲಸ. ಎಚ್‌ಐವಿಯ ವಿಷಯದಲ್ಲೇ ಈಗ ಕಚ್ಚುವ ತೋಳದ ಚಿತ್ರ ಸುಳ್ಳಾಗಿದೆ. 2004ರಿಂದ ಸರ್ಕಾರ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಅದನ್ನು ತಪ್ಪದೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಮೈಸೂರಿನ ಆಶಾಕಿರಣ ಆಸ್ಪತ್ರೆಯಲ್ಲೋ ಆಶೋದಯ ಸಮಿತಿಯಲ್ಲೋ ಕೆಲಸ ಮಾಡಿದವರನ್ನು ಕೇಳಿದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗಿ ಮಕ್ಕಳನ್ನು ಓದಿಸುತ್ತಿರುವವರ ಕಥೆಗಳನ್ನು ಹೇಳುತ್ತಾರೆ. ಅದರಲ್ಲಿ ತಮಟೆಯ ಸದ್ದಿಲ್ಲ, ಹಾಗಾಗಿ ಅದನ್ನು ಯಾರೂ ಸರಣಿ ಮಾಡುವುದಿಲ್ಲ.

ರೂಪಕದ ಹಂಗಿಲ್ಲದೆ ನೇರವಾಗಿ ಹೇಳಿದ ಕೃತಿಗಳು ನಮ್ಮಲ್ಲೂ ಇವೆ, ಅವನ್ನು ಅವನಿಗೆ ಕೊಡಿ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ ಎಷ್ಟೋ ಕನ್ನಡದ ಹುಡುಗರು ಮೊದಲ ಬಾರಿಗೆ ತಮ್ಮನ್ನು ತಮ್ಮ ಭಾಷೆಯಲ್ಲಿ ಓದಿಕೊಂಡರು. ‘ನಾನು ಅವನಲ್ಲ... ಅವಳು’ ಚಿತ್ರದಲ್ಲಿ ಸಂಚಾರಿ ವಿಜಯ್ ಲಿಂಗಪರಿವರ್ತಿತ ಮಹಿಳೆಯಾಗಿ ಅಭಿನಯಿಸಿ ರಾಷ್ಟ್ರಪ್ರಶಸ್ತಿ ಪಡೆದರು. ಕಾಯಿಲೆಯ ಬಗ್ಗೆ ನನ್ನನ್ನು ಕೇಳಿದರೆ ನಾನು ಇನ್ನೂ ತ್ರಿವೇಣಿಯವರ ‘ಶರಪಂಜರ’ವನ್ನೇ ಕೈಗಿಡುತ್ತೇನೆ. ಮಂಡ್ಯದಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಆ ಲೇಖಕಿಗೆ ಬಾಣಂತನದ ನಂತರ ಬರುವ ಮನೋರೋಗ ಶಾಪವಾಗಿ ಕಾಣಲಿಲ್ಲ, ಕಾಯಿಲೆಯಾಗಿಯೇ ಕಂಡಿತು. ಕಥಾನಾಯಕಿ ಕಾವೇರಿ ಗುಣವಾಗಿ ಮನೆಗೆ ಬಂದ ಮೇಲೂ ಅವಳನ್ನು ಹುಚ್ಚಿಯೆಂದೇ ನೋಡುವ ಗಂಡ, ನೆರೆಹೊರೆ, ಅಡುಗೆಮನೆಯ ಪಿಸುಮಾತುಗಳೇ ಅಲ್ಲಿ ಬಾಣಗಳು. ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ ಕಲ್ಪನಾ ಅದನ್ನು ಅಭಿನಯಿಸಿದ್ದನ್ನು ನಿಮ್ಮ ತಾಯಿ ನೋಡಿರುತ್ತಾರೆ. ಮನೆಯಲ್ಲಿ ಮಾತು ತೆಗೆಯಲು ಅದಕ್ಕಿಂತ ಒಳ್ಳೆಯ ನೆಪ ನನಗೆ ತೋಚುತ್ತಿಲ್ಲ.

ಈಗ ಆ ಮಾತ್ರೆಯ ಮಾತಿಗೆ ಬರೋಣ. ‘ಮಾತ್ರೆ ನುಂಗಿದರೆ ನಾನು ನಾನಾಗಿರುವುದಿಲ್ಲ.’ ನೀವು ಇದನ್ನು ಸರಣಿಯಿಂದ ಕಲಿತ ಡೈಲಾಗ್ ಎಂದು ತಳ್ಳಿಹಾಕಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಮೂರ್ಛೆಯ ಕೆಲವು ಔಷಧಿಗಳು, ಮುಖ್ಯವಾಗಿ ಈಗ ಬಹಳ ಬಳಕೆಯಲ್ಲಿರುವ ಲೆವೆಟಿರಾಸಿಟಮ್, ಕೆಲವರಲ್ಲಿ ಸಿಡುಕು, ಮಂಕು, ಖಿನ್ನತೆ ತರುತ್ತವೆ. ಇನ್ನು ಕೆಲವು ಯೋಚನೆಯನ್ನೇ ನಿಧಾನಗೊಳಿಸುತ್ತವೆ, ಓದುವ ಹುಡುಗನಿಗೆ ಅದು ದೊಡ್ಡ ಹಿಂಸೆ. ಅವನು ಹೇಳುತ್ತಿರುವುದು ರೂಪಕವಲ್ಲ, ಅಡ್ಡಪರಿಣಾಮವೇ ಇರಬಹುದು. ಹೇಳಲು ಬೇರೆ ಮಾತು ಸಿಗದೆ ಸರಣಿಯಿಂದ ಎರವಲು ತಂದಿದ್ದಾನೆ. ನರರೋಗ ತಜ್ಞರಿಗೆ ಇದೇ ಮಾತನ್ನು ಹೇಳಲಿ. ಪ್ರಮಾಣ ತಗ್ಗಿಸಬಹುದು, ಔಷಧಿ ಬದಲಿಸಬಹುದು. ಬದಲಿಸುವ ಅವಧಿಯಲ್ಲಿ ಸೆಳೆತ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಆಗ ಅವನು ಒಬ್ಬನೇ ಇರಬಾರದು. ಅವನ ಪ್ರೀತಿಯ ಕಥೆಯಲ್ಲೂ ಲೂಪಿನ್‌ಗೆ ಒಂದು ಔಷಧಿ ಇದೆ. ಅದು ತೋಳತನವನ್ನು ಹೋಗಲಾಡಿಸುವುದಿಲ್ಲ, ಹುಣ್ಣಿಮೆಯ ರಾತ್ರಿಯೂ ಬುದ್ಧಿ ತನ್ನದಾಗಿಯೇ ಇರುವಂತೆ ಮಾಡುತ್ತದೆ. ಅದನ್ನು ಕುಡಿಯಲು ಮರೆತ ರಾತ್ರಿ ಏನಾಯಿತೆಂದು ಅವನನ್ನೇ ಕೇಳಿ. ಆ ಅಧ್ಯಾಯ ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸರಣಿಗಳನ್ನು ನಿಲ್ಲಿಸಬೇಕೇ? ಇಪ್ಪತ್ತೊಂದರ ಹುಡುಗನನ್ನು ಮಂಡ್ಯದಿಂದ ಕೂತು ಯಾರು ನಿಲ್ಲಿಸುತ್ತಾರೆ? ನಿಲ್ಲಿಸಿದರೆ ಅವನು ಕಳೆದುಕೊಳ್ಳುವುದು ಸರಣಿಯನ್ನಲ್ಲ, ನಿಮ್ಮೊಡನೆ ಮಾತಾಡುವ ಧೈರ್ಯವನ್ನು. ನನ್ನ ಆಕ್ಷೇಪ ಕಥೆಗಲ್ಲ, ಬೆಳಗಿನ ಜಾವಕ್ಕೆ. ನಿದ್ದೆಗೇಡು ಸೆಳೆತವನ್ನು ಕರೆದು ತರುವ ಮುಖ್ಯ ಕಾರಣಗಳಲ್ಲೊಂದು. ಮಿನುಗುವ ಬೆಳಕಿನಿಂದ ಸೆಳೆತ ಬರುವವರೂ ಇದ್ದಾರೆ, ಮೂರ್ಛೆಯಿರುವ 100 ಜನರಲ್ಲಿ ಸುಮಾರು ಮೂವರು. 1997ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಪೊಕೆಮಾನ್‌ನ ಒಂದು ಕಂತಿನ ಕೆಂಪು–ನೀಲಿ ಮಿಂಚಿನಿಂದ 600ಕ್ಕೂ ಹೆಚ್ಚು ಮಕ್ಕಳು ಆಸ್ಪತ್ರೆ ಸೇರಿದ್ದರು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಿದಾಗ ಬೆಳಕಿನ ಪರೀಕ್ಷೆಯೂ ಆಗಿತ್ತೇ ಎಂದು ವರದಿ ನೋಡಿ. ಹನ್ನೊಂದಕ್ಕೆ ಮೊಬೈಲು ಆರಿಸುವ ಒಪ್ಪಂದ ಮಾಡಿಕೊಳ್ಳಿ, ಕಾರಣವನ್ನು ಮೂರ್ಛೆಯ ಹೆಸರಿನಲ್ಲೇ ಹೇಳಿ.

ಚಿಕ್ಕಪ್ಪ ಕೊಟ್ಟ ವಿಳಾಸವನ್ನು ಹರಿದುಹಾಕಿ. ಒಲವು ‘ಸರಿಪಡಿಸುವ’ ಹೆಸರಿನಲ್ಲಿ ಕರೆಂಟು ಕೊಡುವುದು, ಹಾರ್ಮೋನು ಚುಚ್ಚುವುದು, ವಾರಗಟ್ಟಲೆ ಕೂಡಿಹಾಕಿ ಪ್ರವಚನ ಮಾಡುವುದು ನಡೆದಿದೆ. ಫಲ ಸೊನ್ನೆ, ಹಾನಿ ಖಿನ್ನತೆ, ಭಯ, ಆತ್ಮಹತ್ಯೆಯ ಯೋಚನೆ. ಮದ್ರಾಸ್ ಹೈಕೋರ್ಟಿನ ನಿರ್ದೇಶನದ ನಂತರ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ಪರಿವರ್ತನಾ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ಘೋಷಿಸಿದೆ. ಯಾವುದೇ ವೈದ್ಯ ಇದಕ್ಕೆ ಮುಂದಾದರೆ ರಾಜ್ಯ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಸಮಾಜದ ನೀತಿ–ನಂಬಿಕೆಗಳಿಗೆ ಹೊಂದದ ಮಾತ್ರಕ್ಕೆ ಒಬ್ಬರನ್ನು ಮನೋರೋಗಿ ಎನ್ನುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಸದ್ಯದಲ್ಲೇ ಏಳುವ ಮಾತೊಂದಿದೆ: ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ. ಮೂರ್ಛೆಗೂ ಇದನ್ನೇ ಹೇಳುತ್ತಾರೆ, ಒಲವಿಗೂ ಇದನ್ನೇ. ನಮ್ಮ ಭಾಗದಲ್ಲಿ ಮದುವೆ ಎಂಬುದು ಎಲ್ಲ ಕಾಯಿಲೆಗೂ ಬರೆದುಕೊಡುವ ಚೀಟಿ, ವೈದ್ಯರ ಸಹಿಯೊಂದು ಕಡಿಮೆ. ಮದುವೆಯಿಂದ ಎರಡೂ ಬದಲಾಗುವುದಿಲ್ಲ, ಏನೂ ಅರಿಯದ ಹೆಣ್ಣೊಬ್ಬಳ ಬದುಕು ಹಾಳಾಗುತ್ತದೆ ಅಷ್ಟೇ. ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಪದೇಪದೇ ಮೂರ್ಛೆ ಬರುವವರ ವಿವಾಹವನ್ನು ಆ ಕಾರಣಕ್ಕೆ ಅಸಿಂಧುಗೊಳಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಅವಕಾಶವನ್ನು 1999ರಲ್ಲಿ ತೆಗೆದುಹಾಕಲಾಯಿತು. ವಯಸ್ಕರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ಸಲಿಂಗ ವಿವಾಹಕ್ಕೆ ಮಾನ್ಯತೆ ಮಾತ್ರ ಇಲ್ಲ. 2023ರಲ್ಲಿ ಅದೇ ನ್ಯಾಯಾಲಯ ಅದನ್ನು ಸಂಸತ್ತಿನ ತೀರ್ಮಾನಕ್ಕೆ ಬಿಟ್ಟಿತು. ಅಂದರೆ ಅವನ ಪ್ರೀತಿ ಅಪರಾಧವಲ್ಲ, ಆದರೆ ಅದಕ್ಕೆ ದಾಖಲೆಯ ಆಸರೆಯೂ ಇಲ್ಲ. ಓದು ಮುಗಿಸಿ ತನ್ನ ಕಾಲ ಮೇಲೆ ನಿಲ್ಲುವುದು ಅವನಿಗೆ ಬೇರೆಯವರಿಗಿಂತ ಹೆಚ್ಚು ಮುಖ್ಯವಾಗುವುದು ಇದರಿಂದಲೇ.

ಮನೆಯಲ್ಲಿ ಹೇಳಬೇಕೇ ಎಂಬುದನ್ನು ನೀವು ತೀರ್ಮಾನಿಸುವಂತಿಲ್ಲ. ಅವನು ನಂಬಿ ಹೇಳಿದ್ದು ನಿಮಗೆ. ಅವನ ಒಪ್ಪಿಗೆಯಿಲ್ಲದೆ ಹೇಳಿದರೆ ಅಪ್ಪ–ಅಮ್ಮ ಒಪ್ಪಿಕೊಂಡರೂ ಅವನು ನಿಮ್ಮನ್ನು ಮತ್ತೆ ನಂಬಲಿಕ್ಕಿಲ್ಲ. ಅವನಾಗಿಯೇ ಹೇಳುವುದರಲ್ಲೂ ಅಪಾಯವಿದೆ: ಫೀಸು ನಿಲ್ಲಬಹುದು, ಊರಿಗೆ ಕರೆಸಿಕೊಂಡು ಕೂರಿಸಬಹುದು, ಅವಸರದಲ್ಲಿ ಹೆಣ್ಣು ನೋಡಬಹುದು. ಓದು ಮುಗಿಯುವವರೆಗೆ ಕಾಯುವುದು ಹೇಡಿತನವಲ್ಲ. ಕಾಯುವುದಕ್ಕೂ ಬೆಲೆಯಿದೆ, ಎರಡೆರಡು ಗುಟ್ಟು ಹೊತ್ತು ಬದುಕುವುದು ಸುಸ್ತಿನ ಕೆಲಸ. ಮೂರ್ಛೆಯಿರುವವರಲ್ಲಿ ಖಿನ್ನತೆ ಹೇಗೂ ಹೆಚ್ಚು. ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಬರುತ್ತಿದೆ ಎಂದರೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲಿ ಮಾತಾಡಬಹುದು. ಎರಡು ಗುಟ್ಟುಗಳಲ್ಲಿ ಒಂದನ್ನಂತೂ ಈಗಲೇ ಇಳಿಸಬಹುದು: ರೂಮಿನ ಗೆಳೆಯರಿಗೆ ಫಿಟ್ಸ್ ವಿಷಯ ಹೇಳಲಿ. ಅದು ಅವನ ಜೀವರಕ್ಷಣೆಯ ಮಾತು.

ಅಮ್ಮನ ಹರಕೆಗೆ ಅಡ್ಡ ಬರಬೇಡಿ. ನಂಜುಂಡನನ್ನು ಟಿಪ್ಪು ಸುಲ್ತಾನ್ ಹಕೀಮ್ ನಂಜುಂಡ ಎಂದು ಕರೆದನೆಂಬ ಪ್ರತೀತಿ ಇದೆ; ವೈದ್ಯರ ಪೈಕಿ ಒಬ್ಬರು ಹೆಚ್ಚಾದರೆ ನನ್ನದೇನೂ ತಕರಾರಿಲ್ಲ. ಕಪಿಲೆಯಲ್ಲಿ ಅವನನ್ನು ಒಬ್ಬನೇ ಮುಳುಗಲು ಬಿಡಬೇಡಿ, ನೀರಿನಲ್ಲಿ ಸೆಳೆತ ಬಂದರೆ ಕಷ್ಟ. ಉಪವಾಸದ ಹೆಸರಿನಲ್ಲಿ ಬೆಳಗಿನ ಮಾತ್ರೆ ತಪ್ಪಬಾರದು. ದಾರಿಯಲ್ಲಿ ಯಾರಾದರೂ ಮಾತ್ರೆ ಬಿಟ್ಟು ತಾಯಿತ ಕಟ್ಟಿಕೊಳ್ಳಿ ಎಂದರೆ ತಾಯಿತ ಕಟ್ಟಿಸಿಕೊಂಡು ಮಾತ್ರೆಯನ್ನೂ ನುಂಗಲಿ.

ಮುಂದಿನ ಭೇಟಿಗೆ ಹೋಗುವಾಗ ಹಳೆಯ ಚೀಟಿಗಳು, ಇಇಜಿ ಮತ್ತು ಸ್ಕ್ಯಾನ್ ವರದಿಗಳು, ಸೆಳೆತ ಬಂದ ದಿನಗಳ ಪಟ್ಟಿ, ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಮಲಗಿದ್ದ ಎಂಬ ಟಿಪ್ಪಣಿ, ಸಾಧ್ಯವಾದರೆ ಸೆಳೆತದ ಒಂದು ವಿಡಿಯೊ ಜೊತೆಗಿರಲಿ. ಅದರಿಂದ ವೈದ್ಯರಿಗೆ ಆಗುವ ಸಹಾಯ ಯಾವ ವರ್ಣನೆಯಿಂದಲೂ ಆಗುವುದಿಲ್ಲ. ಮೊದಲ ಕಾಲು ಗಂಟೆ ಅವನೊಬ್ಬನೇ ಒಳಗೆ ಹೋಗಲಿ, ಕರೆದಾಗ ನೀವು ಹೋಗಿ.